ಪಾಪ, ಅಪರಾಧ, ರಕ್ಷಣೆ: ಸಲಿಂಗಾಸಕ್ತರ ಹಕ್ಕುಗಳನ್ನು ಬೆಂಬಲಿಸಿದ ಕ್ರೈಸ್ತ ಚಿಂತನೆಯ ಒಂದು ಧಾರೆ

೧. ಸಮಸ್ಯೆಯ ಸ್ವರೂಪ

ಕ್ರೈಸ್ತಧರ್ಮವೂ ಸಲಿಂಗಾಸಕ್ತರ ಹಕ್ಕುಗಳೂ ಪರಸ್ಪರ ವಿರೋಧಿಗಳೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿಯೂ ಆಳವಾಗಿ ಬೇರೂರಿದೆ. ಈ ವಿಷಯ ಪತ್ರಿಕೆಗಳಲ್ಲಿ ಪ್ರಸ್ತಾಪಗೊಂಡಾಗಲೆಲ್ಲ ಒಂದು ಕಡೆ ಧರ್ಮಗ್ರಂಥವನ್ನು ಕೈಯಲ್ಲಿ ಹಿಡಿದ ಬೋಧಕ, ಇನ್ನೊಂದು ಕಡೆ ನ್ಯಾಯಾಲಯದ ಮೆಟ್ಟಿಲೇರಿದ ಅರ್ಜಿದಾರ, ಹೀಗೆ ಎರಡೇ ಪಾತ್ರಗಳು ಕಾಣಿಸಿಕೊಳ್ಳುತ್ತವೆ. ಆದರೆ ಇತಿಹಾಸವನ್ನು ಸಮೀಪದಿಂದ ನೋಡಿದರೆ ಮೂರನೆಯ ಪಾತ್ರವೊಂದು ಅಲ್ಲಿ ಉದ್ದಕ್ಕೂ ಇದ್ದದ್ದು ಗೋಚರವಾಗುತ್ತದೆ. ತನ್ನ ಧರ್ಮವನ್ನು ತೊರೆಯದೆ, ಆ ಧರ್ಮದ ಆಧಾರದ ಮೇಲೆಯೇ ಸಲಿಂಗಾಸಕ್ತರಿಗೆ ಕಾನೂನಿನ ರಕ್ಷಣೆ ಸಲ್ಲಬೇಕೆಂದು ವಾದಿಸಿದ ಕ್ರೈಸ್ತನ ಪಾತ್ರವದು. ಇಂಗ್ಲೆಂಡಿನಲ್ಲಿ ೧೯೬೭ರಲ್ಲಿ ಆದ ಕಾನೂನು ಸುಧಾರಣೆಯ ಹಿಂದೆಯೂ, ಅಮೆರಿಕದಲ್ಲಿ ೨೦೦೯ರಲ್ಲಿ ಜಾರಿಗೆ ಬಂದ ದ್ವೇಷಾಪರಾಧ ತಡೆ ಅಧಿನಿಯಮದ ಹಿಂದೆಯೂ ಈ ಪಾತ್ರದ ದುಡಿಮೆ ಇದೆ. ಪ್ರಸ್ತುತ ಲೇಖನದಲ್ಲಿ ಆ ಧಾರೆಯ ನೆಲೆಗಳನ್ನು ವಿವರಿಸಲು ನಾವು ಪ್ರಯತ್ನಿಸುತ್ತೇವೆ.

ಚರ್ಚೆಗೆ ಮೊದಲು ಎರಡು ಪದಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. 'ಪಾಪ' ಎಂಬುದು ಮನುಷ್ಯನಿಗೂ ದೇವರಿಗೂ ನಡುವಣ ವಿಷಯ. ಅದಕ್ಕೆ ಪರಿಹಾರ ಪಶ್ಚಾತ್ತಾಪ. 'ಅಪರಾಧ' ಎಂಬುದು ಪ್ರಜೆಗೂ ಪ್ರಭುತ್ವಕ್ಕೂ ನಡುವಣ ವಿಷಯ. ಅದಕ್ಕೆ ಪ್ರತಿಕ್ರಿಯೆ ದಂಡ. ಈ ವಿಂಗಡಣೆ ನಮ್ಮ ಪರಂಪರೆಗೂ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಾಗಿ ವಿಭಾಗಗೊಂಡಿದೆ. ರಾಜನು ವಿಚಾರಿಸುವ ವ್ಯವಹಾರವೇ ಬೇರೆ, ಕರ್ತೃವು ಕೈಗೊಳ್ಳುವ ಪ್ರಾಯಶ್ಚಿತ್ತವೇ ಬೇರೆ. ಒಂದೇ ಕೃತ್ಯಕ್ಕೆ ಎರಡೂ ಅನ್ವಯವಾಗುವ ಸಂದರ್ಭಗಳಿದ್ದರೂ ಅವೆರಡೂ ಒಂದೇ ಅಲ್ಲ. ಪಾಶ್ಚಾತ್ಯ ಕ್ರೈಸ್ತ ಜಗತ್ತಿನಲ್ಲಿ ಈ ಎರಡು ಕ್ಷೇತ್ರಗಳು ಹೇಗೆ ಬೆರೆತವು, ಮತ್ತೆ ಹೇಗೆ ಬೇರ್ಪಟ್ಟವು ಎಂಬುದೇ ನಮ್ಮ ವಿಷಯದ ತಿರುಳು.

೨. ಮಧ್ಯಯುಗದ ಹಿನ್ನೆಲೆ

ಆರನೆಯ ಶತಮಾನದ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನು ಹೊರಡಿಸಿದ ಶಾಸನಗಳಲ್ಲಿ ಇಂತಹ ಕೃತ್ಯಗಳಿಂದ ಕ್ಷಾಮ, ಭೂಕಂಪ, ಸಾಂಕ್ರಾಮಿಕ ರೋಗಗಳು ಬರುತ್ತವೆಂಬ ಕಾರಣ ಕಂಡುಬರುತ್ತದೆ. ವ್ಯಕ್ತಿಯ ಪಾಪದಿಂದ ಇಡೀ ನಗರ ನಾಶವಾದೀತೆಂಬ ಈ ಭಯವೇ ಪಾಪವನ್ನು ರಾಜ್ಯದ ವಿಷಯವನ್ನಾಗಿ ಮಾಡಿತು. ಆದರೂ ಮಧ್ಯಯುಗದ ಧರ್ಮಸಭೆಯ ನಿಲುವು ಉದ್ದಕ್ಕೂ ಏಕರೂಪವಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಪೀಟರ್ ಡೇಮಿಯನ್ ಎಂಬ ಸಂನ್ಯಾಸಿ ಈ ದೋಷಕ್ಕೆ ಒಳಗಾದ ಗುರುಗಳನ್ನೆಲ್ಲ ಪದಚ್ಯುತಗೊಳಿಸಬೇಕೆಂದು ಉಗ್ರವಾದ ಗ್ರಂಥವೊಂದನ್ನು ಬರೆದು ಪೋಪ್ ಒಂಬತ್ತನೆಯ ಲಿಯೋ ಅವರಿಗೆ ಅರ್ಪಿಸಿದನು. ಪೋಪರು ಅವನ ಧರ್ಮಶ್ರದ್ಧೆಯನ್ನು ಮೆಚ್ಚಿಕೊಂಡರೂ ಅವನು ಕೇಳಿದಷ್ಟು ಕಠಿಣವಾದ ಕ್ರಮವನ್ನು ಕೈಗೊಳ್ಳಲಿಲ್ಲ. ೧೧೭೯ರ ಮೂರನೆಯ ಲ್ಯಾಟರನ್ ಮಹಾಸಭೆ ಗುರುಗಳಿಗೆ ಪದಚ್ಯುತಿ ಅಥವಾ ಮಠವಾಸವನ್ನೂ ಗೃಹಸ್ಥರಿಗೆ ಬಹಿಷ್ಕಾರವನ್ನೂ ವಿಧಿಸಿತು. ಇವು ಕಠಿಣವಾದವುಗಳೇ; ಆದರೆ ಧರ್ಮಸಭೆಯ ಒಳಗಿನ ಶಿಕ್ಷೆಗಳು. ಹದಿಮೂರನೆಯ ಶತಮಾನದಿಂದೀಚೆಗೆ ಯುರೋಪಿನ ಹಲವು ನಗರ ಹಾಗೂ ರಾಜ್ಯಗಳ ಕಾನೂನುಗಳು ಮರಣದಂಡನೆಯ ಕಡೆಗೆ ಹೊರಳಿದವು.

ಇಂಗ್ಲೆಂಡಿನಲ್ಲಿ ಈ ಸ್ಥಿತ್ಯಂತರಕ್ಕೆ ಖಚಿತವಾದ ವರ್ಷವೊಂದಿದೆ. ೧೫೩೩ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಅಲ್ಲಿಯವರೆಗೆ ಚರ್ಚಿನ ನ್ಯಾಯಾಲಯಗಳಿಗೆ ಸೇರಿದ್ದ ಈ ದೋಷವನ್ನು ಮರಣದಂಡನೆಗೆ ಅರ್ಹವಾದ ರಾಜ್ಯಾಪರಾಧವಾಗಿ ಪರಿವರ್ತಿಸಿತು. ರೋಮಿನೊಂದಿಗಿನ ಸಂಬಂಧ ಕಡಿದುಕೊಳ್ಳುತ್ತಿದ್ದ ಅರಸನಿಗೆ ಚರ್ಚಿನ ಅಧಿಕಾರ ಕ್ಷೇತ್ರಗಳನ್ನು ಒಂದೊಂದಾಗಿ ವಶಪಡಿಸಿಕೊಳ್ಳುವ ಉದ್ದೇಶವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ಪಾಪವು ಅಪರಾಧವಾದದ್ದು ಕೇವಲ ಭಕ್ತಿಯ ಒತ್ತಾಯದಿಂದಲ್ಲ, ರಾಜಕಾರಣದ ಅಗತ್ಯದಿಂದಲೂ ಹೌದು. ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕೊನೆಯ ಬಾರಿಗೆ ಗಲ್ಲುಶಿಕ್ಷೆಯಾದದ್ದು ೧೮೩೫ರಲ್ಲಿ. ೧೮೬೧ರಲ್ಲಿ ಮರಣದಂಡನೆ ರದ್ದಾಗಿ ಕಾರಾಗೃಹವಾಸ ಉಳಿಯಿತು. ಅದಕ್ಕೆ ಒಂದು ವರ್ಷ ಮೊದಲೇ ಅಂಗೀಕೃತವಾದ ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಿನ ಮೂಲಕ ಇದೇ ಚಿಂತನೆ ನಮ್ಮ ದೇಶಕ್ಕೂ ಬಂದಿತ್ತು. ಆದುದರಿಂದ ಇಂಗ್ಲೆಂಡಿನ ಚರ್ಚು ಈ ವಿಷಯದಲ್ಲಿ ಏನನ್ನು ಚಿಂತಿಸಿತೆಂಬುದು ನಮಗೆ ಪರಕೀಯವಾದ ವಿಚಾರವಲ್ಲ.

೩. ಪಠ್ಯದ ಮರುಓದು

ಕ್ರೈಸ್ತ ಬೆಂಬಲದ ಮೊದಲ ನೆಲೆ ಪಠ್ಯ ವಿಮರ್ಶೆಯದು. ಆಂಗ್ಲಿಕನ್ ಗುರುವೂ ವಿದ್ವಾಂಸರೂ ಆಗಿದ್ದ ಡೆರಿಕ್ ಶರ್ವಿನ್ ಬೈಲಿ ಅವರು ೧೯೫೫ರಲ್ಲಿ ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯ ಮತ್ತು ಸಲಿಂಗಕಾಮವನ್ನು ಕುರಿತು ಪ್ರಕಟಿಸಿದ ಗ್ರಂಥ ಈ ದಿಸೆಯಲ್ಲಿ ಆದ್ಯವಾದುದು. ಸೊದೋಮ್ ನಗರದ ನಾಶದ ಕಥೆಯನ್ನು ಅವರು ಹೀಬ್ರೂ ಮೂಲದೊಂದಿಗೆ ಹೋಲಿಸಿ, ಅಲ್ಲಿಯ ಮುಖ್ಯ ದೋಷ ಅತಿಥಿದ್ರೋಹವೆಂದು ವಾದಿಸಿದರು. ಪ್ರವಾದಿ ಯೆಹೆಜ್ಕೇಲನು ಸೊದೋಮಿನ ದೋಷವನ್ನು ಹೆಸರಿಸುವಾಗ ಗರ್ವ, ಸಮೃದ್ಧಿಯ ಮದ, ದೀನದರಿದ್ರರಿಗೆ ನೆರವಾಗದಿರುವಿಕೆ ಇವುಗಳನ್ನು ಎತ್ತಿ ಹೇಳುತ್ತಾನೆ. ಸುವಾರ್ತೆಯಲ್ಲಿಯೂ ಶಿಷ್ಯರನ್ನು ಬರಮಾಡಿಕೊಳ್ಳದ ಊರುಗಳ ಪ್ರಸಂಗದಲ್ಲಿಯೇ ಸೊದೋಮಿನ ಹೆಸರು ಬರುತ್ತದೆ. ಮನೆಗೆ ಬಂದ ಅಪರಿಚಿತರ ಮೇಲೆ ಗುಂಪು ಎರಗಿದ ಕಥೆಯನ್ನೇ ಸಾವಿರಾರು ವರ್ಷ ಅಲ್ಪಸಂಖ್ಯಾತರ ಮೇಲೆ ಗುಂಪು ಎರಗುವುದಕ್ಕೆ ಸಮರ್ಥನೆಯಾಗಿ ಬಳಸಲಾಯಿತೆಂಬ ವಿಪರ್ಯಾಸವನ್ನು ಈ ಓದು ಬೆಳಕಿಗೆ ತಂದಿತು.

ಎರಡನೆಯದು ಭಾಷಾಂತರದ ಪ್ರಶ್ನೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯದಲ್ಲಿ ಎರಡು ಗ್ರೀಕ್ ಪದಗಳಿವೆ. ಒಂದರ ಮೂಲಾರ್ಥ 'ಮೃದು' ಎಂದು; ಇನ್ನೊಂದು 'ಅರ್ಸೆನೊಕೊಯ್ಟೈ' ಎಂಬ ಸಮಾಸಪದ, ಪೌಲನಿಗಿಂತ ಹಿಂದಿನ ಗ್ರೀಕ್ ಸಾಹಿತ್ಯದಲ್ಲಿ ಅದರ ಪ್ರಯೋಗ ದೊರೆತಿಲ್ಲ. ೧೯೪೬ರಲ್ಲಿ ಪ್ರಕಟವಾದ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆ ಈ ಎರಡೂ ಪದಗಳನ್ನು ಸೇರಿಸಿ 'ಹೋಮೋಸೆಕ್ಷುವಲ್ಸ್' ಎಂಬ ಒಂದೇ ಪದದಿಂದ ಅನುವಾದಿಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಪದವೊಂದು ಹೀಗೆ ಮೊದಲನೆಯ ಶತಮಾನದ ಪಠ್ಯದೊಳಗೆ ಸೇರಿಕೊಂಡಿತು. ೧೯೭೧ರ ಪರಿಷ್ಕರಣದಲ್ಲಿ ಅದನ್ನು ಬದಲಾಯಿಸಲಾಯಿತಾದರೂ, ಅಷ್ಟರಲ್ಲಿ ಆ ಪದ ಸಾಮಾನ್ಯ ಓದುಗರ ಮನಸ್ಸಿನಲ್ಲಿ ನೆಲೆಗೊಂಡಿತ್ತು. ಹಳಗನ್ನಡ ಪಠ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃತ್ಯವೊಂದನ್ನು ಸೂಚಿಸುವ ಪ್ರಾಚೀನ ಪದಕ್ಕೂ ವ್ಯಕ್ತಿಯ ಸ್ವಭಾವವನ್ನು ಸೂಚಿಸುವ ಆಧುನಿಕ ಪರಿಭಾಷೆಗೂ ನಡುವೆ ಬಹಳ ಅಂತರವಿದೆ.

ಈ ಸಾಲಿನ ಮೂರನೆಯ ವಿದ್ವಾಂಸರು ಯೇಲ್ ವಿಶ್ವವಿದ್ಯಾಲಯದ ಮಧ್ಯಯುಗದ ಇತಿಹಾಸಕಾರ ಜಾನ್ ಬಾಸ್ವೆಲ್. ಕ್ಯಾಥೊಲಿಕ್ ಶ್ರದ್ಧಾಳುವಾಗಿದ್ದ ಅವರು ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹನ್ನೆರಡನೆಯ ಶತಮಾನದವರೆಗೂ ಧರ್ಮಸಭೆಯಲ್ಲಿ ಒಂದು ಬಗೆಯ ಸಹಿಷ್ಣುತೆ ಇದ್ದು, ಅಸಹನೆ ಬೆಳೆದದ್ದು ಅನಂತರದ ಸಾಮಾಜಿಕ ಕಾರಣಗಳಿಂದ ಎಂಬ ಪ್ರಮೇಯವನ್ನು ಮಂಡಿಸಿದರು. ಈ ಪ್ರಮೇಯವನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ. 'ಅರ್ಸೆನೊಕೊಯ್ಟೈ' ಪದಕ್ಕೆ ಬಾಸ್ವೆಲ್ ಕೊಟ್ಟ ಅರ್ಥವನ್ನು ಡೇವಿಡ್ ರೈಟ್ ೧೯೮೪ರಲ್ಲಿ ಪ್ರಶ್ನಿಸಿ, ಆ ಪದ ಯಾಜಕಕಾಂಡದ ಗ್ರೀಕ್ ಅನುವಾದದಿಂದಲೇ ರೂಪುಗೊಂಡಿರುವ ಸಾಧ್ಯತೆಯನ್ನು ತೋರಿಸಿದರು. ನಮ್ಮ ಅಭಿಪ್ರಾಯದಲ್ಲಿ ಪಠ್ಯ ವಿಮರ್ಶೆಯಿಂದ ನಿಷೇಧವನ್ನು ಸಂಪೂರ್ಣವಾಗಿ ಅಳಿಸಿಹಾಕಲು ಸಾಧ್ಯವಾಗಲಿಲ್ಲ. ಆದರೆ ಪ್ರಶ್ನಾತೀತವೆಂದು ಭಾವಿಸಿದ್ದ ಅರ್ಥ ಪ್ರಶ್ನಾರ್ಹವೆಂಬುದು ಸಿದ್ಧವಾಯಿತು. ಹೆಚ್ಚು ಗಟ್ಟಿಯಾದ ನೆಲೆ ಬೇರೆ ಕಡೆ ಇತ್ತು.

೪. ವುಲ್ಫೆಂಡನ್ ವರದಿ ಮತ್ತು ಇಂಗ್ಲೆಂಡಿನ ಚರ್ಚು

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಈ ಕಾನೂನಿನಡಿ ಬಂಧನಗಳು ಹೆಚ್ಚಿದವು. ಗಣಿತಜ್ಞ ಅಲನ್ ಟ್ಯೂರಿಂಗ್ ಅವರಿಗೆ ೧೯೫೨ರಲ್ಲಿ ಆದ ಶಿಕ್ಷೆ ಇಂದು ಎಲ್ಲರಿಗೂ ತಿಳಿದಿದೆ. ಹೆಸರಿಲ್ಲದ ಸಾಮಾನ್ಯರ ಪಾಡು ಇದಕ್ಕಿಂತ ಕಷ್ಟದ್ದಾಗಿತ್ತು. ಬೆದರಿಸಿ ಹಣ ಕೀಳುವವರು ಈ ಕಾನೂನನ್ನೇ ಆಯುಧವಾಗಿ ಹಿಡಿದಿದ್ದರು. ಹಣ ಕಿತ್ತವನ ವಿರುದ್ಧ ದೂರು ಕೊಡಲು ಹೋದರೆ ದೂರು ಕೊಟ್ಟವನೇ ಸೆರೆಮನೆ ಸೇರುವ ಸ್ಥಿತಿ ಇತ್ತು.

ಇಂತಹ ಸಂದರ್ಭದಲ್ಲಿ ಕಾನೂನಿನ ಮರುಪರಿಶೀಲನೆಗೆ ಒತ್ತಾಯಿಸಿದ ಮೊದಲ ಸಂಸ್ಥೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ನೈತಿಕ ಕಲ್ಯಾಣ ಮಂಡಳಿಯೂ ಒಂದು. ಬೈಲಿ ಅವರು ಈ ಮಂಡಳಿಯ ಅಧ್ಯಯನ ಕಾರ್ಯದಲ್ಲಿದ್ದವರು. ೧೯೫೪ರಲ್ಲಿ ಮಂಡಳಿ ತನ್ನ ಮಧ್ಯಂತರ ವರದಿಯನ್ನು ಹೊರತಂದಿತು. ಅದೇ ವರ್ಷ ಸರಕಾರ ಸರ್ ಜಾನ್ ವುಲ್ಫೆಂಡನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಆಂಗ್ಲಿಕನ್ ಮಂಡಳಿಯಂತೆಯೇ ಕಾರ್ಡಿನಲ್ ಗ್ರಿಫಿನ್ ಅವರು ನೇಮಿಸಿದ್ದ ರೋಮನ್ ಕ್ಯಾಥೊಲಿಕ್ ಸಮಿತಿಯೂ, ವಯಸ್ಕರು ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡೆಸುವ ವರ್ತನೆಯನ್ನು ದಂಡನೀಯ ಅಪರಾಧವೆಂದು ಪರಿಗಣಿಸಬಾರದೆಂಬ ಅಭಿಪ್ರಾಯ ಕೊಟ್ಟಿತು. ೧೯೫೭ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವುಲ್ಫೆಂಡನ್ ವರದಿಯ ಶಿಫಾರಸೂ ಇದೇ ಆಗಿತ್ತು. ಆ ವರ್ಷದ ಕೊನೆಯಲ್ಲಿ ಚರ್ಚ್ ಅಸೆಂಬ್ಲಿ ಅಲ್ಪ ಬಹುಮತದಿಂದ ಅದಕ್ಕೆ ಬೆಂಬಲ ಸೂಚಿಸಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಇವರಲ್ಲಿ ಬಹುಮಂದಿ ಸಲಿಂಗ ಸಂಬಂಧವನ್ನು ಪಾಪವೆಂದೇ ನಂಬಿದ್ದವರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮೈಕೇಲ್ ರ್‍ಯಾಮ್ಸೆ ಅವರು ೧೯೬೫ರಲ್ಲಿ ಲಾರ್ಡ್ ಅರಾನ್ ಅವರ ಮಸೂದೆಯನ್ನು ಪ್ರಭುಸಭೆಯಲ್ಲಿ ಬೆಂಬಲಿಸಿದಾಗ ತಮ್ಮ ಧಾರ್ಮಿಕ ನಿಲುವನ್ನು ಬದಲಾಯಿಸಿರಲಿಲ್ಲ. ಎಲ್ಲ ಪಾಪಗಳೂ ಅಪರಾಧಗಳಾಗಬೇಕಿಲ್ಲವೆಂಬುದು ಅವರ ವಾದದ ಸಾರವಾಗಿತ್ತು. ವ್ಯಭಿಚಾರ ಪಾಪವಾದರೂ ಇಂಗ್ಲೆಂಡಿನಲ್ಲಿ ಅದಕ್ಕೆ ಸೆರೆಮನೆಯಿರಲಿಲ್ಲ. ಹಾಗಾದರೆ ಒಂದು ವರ್ಗದವರಿಗೆ ಮಾತ್ರ ಸೆರೆಮನೆ ಏಕೆ ಎಂಬ ಪ್ರಶ್ನೆಗೆ ವಿರೋಧಿಗಳಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಸಮಾಜದ ನೈತಿಕತೆಯನ್ನು ಕಾಯುವುದು ಕಾನೂನಿನ ಕರ್ತವ್ಯವೆಂದು ನ್ಯಾಯಾಧೀಶ ಡೆವ್ಲಿನ್ ಅವರು ೧೯೫೯ರ ಉಪನ್ಯಾಸದಲ್ಲಿ ವಾದಿಸಿದರು, ನ್ಯಾಯತತ್ತ್ವಜ್ಞ ಎಚ್. ಎಲ್. ಎ. ಹಾರ್ಟ್ ಅವರು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಖಂಡಿಸಿದರು. ಅದೇ ೧೯೬೩ರಲ್ಲಿ ಕ್ವೇಕರ್ ಪಂಥದ ಒಂದು ತಂಡ ಮತ್ತೂ ಮುಂದಕ್ಕೆ ಹೋಗಿ, ಸಂಬಂಧದ ಮೌಲ್ಯವನ್ನು ಅದರಲ್ಲಿರುವ ಪ್ರೀತಿ ಮತ್ತು ಪ್ರಾಮಾಣಿಕತೆಯಿಂದ ಅಳೆಯಬೇಕೆಂಬ ನಿಲುವನ್ನು ಪ್ರಕಟಿಸಿತು. ೧೯೬೭ರ ಜುಲೈ ೨೭ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯವಾಗುವ ಹೊಸ ಕಾನೂನಿಗೆ ರಾಣಿಯ ಅಂಕಿತ ದೊರೆಯಿತು. ಸ್ಕಾಟ್ಲೆಂಡ್ ೧೯೮೦ರವರೆಗೂ ಉತ್ತರ ಐರ್ಲೆಂಡ್ ೧೯೮೨ರವರೆಗೂ ಕಾಯಬೇಕಾಯಿತು.

೫. ಅಮೆರಿಕ: ಸಾಕ್ಷಿಯಾಗಿ ನಿಂತ ಗುರುಗಳು

ಇಂಗ್ಲೆಂಡಿನಲ್ಲಿ ಚರ್ಚೆ ಸಮಿತಿ, ವರದಿ, ಸಂಸತ್ತುಗಳ ಮೂಲಕ ನಡೆದರೆ ಅಮೆರಿಕದಲ್ಲಿ ಅದು ಬೀದಿಯಿಂದ ಆರಂಭವಾಯಿತು. ೧೯೬೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ರಾಟೆಸ್ಟಂಟ್ ಗುರುಗಳೂ ಸಲಿಂಗಾಸಕ್ತರ ಸಂಘಟನೆಗಳ ಮುಖಂಡರೂ ಸೇರಿ ಧರ್ಮ ಮತ್ತು ಸಲಿಂಗಾಸಕ್ತರನ್ನು ಕುರಿತ ಮಂಡಳಿಯೊಂದನ್ನು ಸ್ಥಾಪಿಸಿದರು. ಗ್ಲೈಡ್ ಮೆಮೋರಿಯಲ್ ಮೆಥಡಿಸ್ಟ್ ಚರ್ಚಿನ ಟೆಡ್ ಮ್ಯಾಕ್‌ಇಲ್ವೆನಾ ಇದರ ಪ್ರೇರಕರಲ್ಲೊಬ್ಬರು. ಮಂಡಳಿಯ ಸಹಾಯಾರ್ಥವಾಗಿ ೧೯೬೫ರ ಜನವರಿ ೧ರ ರಾತ್ರಿ ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ನೃತ್ಯಕೂಟವೊಂದನ್ನು ಏರ್ಪಡಿಸಲಾಯಿತು. ಪೊಲೀಸರು ದ್ವಾರದಲ್ಲಿ ಪ್ರಖರವಾದ ದೀಪಗಳನ್ನು ಹಚ್ಚಿ ಒಳಗೆ ಹೋಗುವ ಪ್ರತಿಯೊಬ್ಬರ ಛಾಯಾಚಿತ್ರ ತೆಗೆದರು. ತಡೆಯಲು ಬಂದ ವಕೀಲರನ್ನು ಬಂಧಿಸಿದರು. ಮರುದಿನ ಗುರುಗಳು ತಮ್ಮ ಧಾರ್ಮಿಕ ಉಡುಪಿನಲ್ಲಿಯೇ ಪತ್ರಿಕಾಗೋಷ್ಠಿ ನಡೆಸಿ ಪೊಲೀಸರ ವರ್ತನೆಯನ್ನು ಬಹಿರಂಗವಾಗಿ ಖಂಡಿಸಿದರು. ಬಂಧಿತರು ನ್ಯಾಯಾಲಯದಲ್ಲಿ ನಿರ್ದೋಷಿಗಳಾದರು.

ಈ ಘಟನೆಯ ಮಹತ್ತ್ವ ಎಲ್ಲಿದೆ? ಸಲಿಂಗಾಸಕ್ತರು ಇಂತಹ ಕಿರುಕುಳವನ್ನು ವರ್ಷಗಳಿಂದ ಹೇಳಿಕೊಳ್ಳುತ್ತಿದ್ದರು. ಅವರ ಮಾತಿಗೆ ಬೆಲೆ ಇರಲಿಲ್ಲ. ಗುರುಗಳು ಕಣ್ಣಾರೆ ಕಂಡು ಹೇಳಿದಾಗ ನಗರ ಕೇಳಿತು. ಶಾಸ್ತ್ರದ ಹೊಸ ವ್ಯಾಖ್ಯಾನವನ್ನೇನೂ ಅವರು ಮಂಡಿಸಲಿಲ್ಲ. ಸಮಾಜದಲ್ಲಿ ತಮಗಿದ್ದ ಗೌರವವನ್ನು ಗೌರವವಿಲ್ಲದವರ ಪಕ್ಕದಲ್ಲಿ ನಿಲ್ಲಿಸಿದರು. ಕ್ರೈಸ್ತ ಬೆಂಬಲದ ಎರಡನೆಯ ನೆಲೆಯಾದ ಈ ಸಾಕ್ಷ್ಯವು ಮೊದಲನೆಯದಾದ ಪಠ್ಯ ವಿಮರ್ಶೆಗಿಂತ ಪರಿಣಾಮಕಾರಿಯಾಯಿತೆಂದು ನಾವು ಭಾವಿಸುತ್ತೇವೆ.

೧೯೬೮ರ ಅಕ್ಟೋಬರ್ ೬ರಂದು ಟ್ರಾಯ್ ಪೆರಿ ಎಂಬ ಬೋಧಕರು, ಸಲಿಂಗಾಸಕ್ತರೆಂಬ ಕಾರಣಕ್ಕೆ ತಮ್ಮ ಪೆಂಟಕೋಸ್ಟಲ್ ಸಭೆಯಿಂದ ಹೊರಬಿದ್ದಿದ್ದವರು, ಲಾಸ್ ಏಂಜಲೀಸ್ ಬಳಿಯ ತಮ್ಮ ಮನೆಯಲ್ಲಿ ಹನ್ನೆರಡು ಜನರೊಡನೆ ಪ್ರಾರ್ಥನೆ ನಡೆಸಿದರು. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಎಂಬ ಪಂಥ ಹುಟ್ಟಿದ್ದು ಹೀಗೆ. ನ್ಯೂಯಾರ್ಕಿನ ಪ್ರಸಿದ್ಧವಾದ ಸ್ಟೋನ್‌ವಾಲ್ ಪ್ರತಿಭಟನೆ ನಡೆದದ್ದು ಇದರ ಮರುವರ್ಷ. ಈ ಹೊಸ ಸಭೆಯ ಬದುಕು ಸುಲಭವಾಗಿರಲಿಲ್ಲ. ೧೯೭೩ರ ಜನವರಿಯಲ್ಲಿ ಅದರ ಮಾತೃಚರ್ಚು ಬೆಂಕಿಗೆ ಆಹುತಿಯಾಯಿತು. ಅದೇ ವರ್ಷದ ಜೂನ್ ೨೪ರ ಭಾನುವಾರ ಸಂಜೆ ನ್ಯೂ ಆರ್ಲಿಯನ್ಸಿನ ಅಪ್‌ಸ್ಟೇರ್ಸ್ ಲೌಂಜ್ ಎಂಬಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ೩೨ ಜನ ಸತ್ತರು. ಅಲ್ಲಿ ಸೇರಿದ್ದವರಲ್ಲಿ ಆ ಊರಿನ ಕಮ್ಯುನಿಟಿ ಚರ್ಚಿನ ಸದಸ್ಯರು ಹಲವರಿದ್ದರು. ಸತ್ತವರಲ್ಲಿ ಅದರ ಗುರುವೂ ಒಬ್ಬರು. ಮೃತರಿಗೆ ಸ್ಮರಣ ಪ್ರಾರ್ಥನೆ ನಡೆಸಲು ಊರಿನ ಹಲವು ಚರ್ಚುಗಳು ಬಾಗಿಲು ತೆರೆಯಲಿಲ್ಲ. ಎಪಿಸ್ಕೋಪಲ್ ಚರ್ಚೊಂದರ ಗುರು ಮರುದಿನವೇ ಸಣ್ಣ ಪ್ರಾರ್ಥನೆಗೆ ಅವಕಾಶ ಕೊಟ್ಟು ತಮ್ಮ ಸಭಿಕರ ಆಕ್ಷೇಪಣೆಗೆ ಗುರಿಯಾದರು. ವಾರದ ನಂತರ ಒಂದು ಮೆಥಡಿಸ್ಟ್ ಚರ್ಚು ತನ್ನ ಆವರಣದಲ್ಲಿ ಸ್ಮರಣಸಭೆಗೆ ಎಡೆ ಕೊಟ್ಟಿತು. ಸತ್ತವರಿಗೆ ಪ್ರಾರ್ಥನೆಯ ಹಕ್ಕಾದರೂ ಇದೆಯೇ ಎಂಬ ಮಟ್ಟಕ್ಕೆ ಆಗ ಪ್ರಶ್ನೆ ಇಳಿದಿತ್ತು.

ಅನಂತರದ ದಶಕಗಳಲ್ಲಿ ಮುಖ್ಯ ಪಂಥಗಳು ಒಂದೊಂದಾಗಿ ತಮ್ಮ ನಿಲುವನ್ನು ಪ್ರಕಟಿಸಿದವು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ೧೯೭೨ರಲ್ಲಿಯೇ ತಾನು ಸಲಿಂಗಾಸಕ್ತನೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ವಿಲಿಯಂ ಜಾನ್ಸನ್ ಎಂಬ ಯುವಕನಿಗೆ ಗುರುದೀಕ್ಷೆ ಕೊಟ್ಟಿತು. ೧೯೭೬ರಲ್ಲಿ ಎಪಿಸ್ಕೋಪಲ್ ಚರ್ಚಿನ ಮಹಾಸಭೆ, ಸಲಿಂಗಾಸಕ್ತರು ದೇವರ ಮಕ್ಕಳೆಂದೂ ಸಭೆಯ ಪ್ರೀತಿ ಮತ್ತು ಪಾಲನೆಯಲ್ಲಿ ಅವರಿಗೆ ಸಮಾನ ಹಕ್ಕಿದೆಯೆಂದೂ ಕಾನೂನಿನ ಸಮಾನ ರಕ್ಷಣೆ ಅವರಿಗೆ ಸಲ್ಲಬೇಕೆಂದೂ ನಿರ್ಣಯಿಸಿತು. ಮೆಥಡಿಸ್ಟರ ನಿಲುವು ಇನ್ನೂ ಕುತೂಹಲಕರವಾದುದು. ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲವೆಂಬ ವಾಕ್ಯ ೧೯೭೨ರಿಂದ ೨೦೨೪ರವರೆಗೆ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ನಿಯಮಗ್ರಂಥದಲ್ಲಿತ್ತು. ಅದೇ ಅವಧಿಯಲ್ಲಿ ಅದೇ ಚರ್ಚು ಅವರ ನಾಗರಿಕ ಹಕ್ಕುಗಳನ್ನೂ ಹಿಂಸೆಯಿಂದ ರಕ್ಷಣೆಯನ್ನೂ ಬೆಂಬಲಿಸುತ್ತ ಬಂದಿತು. ರ್‍ಯಾಮ್ಸೆ ಅವರ ವಾದದಲ್ಲಿದ್ದ ವಿಂಗಡಣೆಯೇ ಇಲ್ಲಿಯೂ ಕೆಲಸ ಮಾಡಿದೆ.

೬. ದ್ವೇಷಾಪರಾಧ ಮತ್ತು ೨೦೦೯ರ ಅಧಿನಿಯಮ

ಶಿಕ್ಷೆಯಿಂದ ಮುಕ್ತಿ ಒಂದು ಹಂತ. ಹಿಂಸೆಯಿಂದ ರಕ್ಷಣೆ ಮತ್ತೊಂದು. ೧೯೯೮ರ ಆಗಸ್ಟ್ ತಿಂಗಳಲ್ಲಿ ಕ್ಯಾಂಟರ್‌ಬರಿಯಲ್ಲಿ ಸೇರಿದ್ದ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ವಿಶ್ವಸಮ್ಮೇಳನ ಸಲಿಂಗ ಸಂಬಂಧವನ್ನು ಶಾಸ್ತ್ರವಿರುದ್ಧವೆಂದು ನಿರ್ಣಯಿಸಿತು; ಅದೇ ನಿರ್ಣಯದಲ್ಲಿ ಅಂಥವರ ಬಗೆಗಿನ ವಿವೇಚನಾರಹಿತ ಭೀತಿಯನ್ನೂ ಖಂಡಿಸಿತು. ಎರಡು ತಿಂಗಳ ಬಳಿಕ, ಅಕ್ಟೋಬರ್ ೬ರ ರಾತ್ರಿ, ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾರಮಿ ಊರಿನ ಹೊರವಲಯದಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ೨೧ ವರ್ಷದ ವಿದ್ಯಾರ್ಥಿಯನ್ನು ಇಬ್ಬರು ಯುವಕರು ಬೇಲಿಗೆ ಕಟ್ಟಿ ತೀವ್ರವಾಗಿ ಹೊಡೆದು ಚಳಿಯಲ್ಲಿ ಬಿಟ್ಟುಹೋದರು. ಅಕ್ಟೋಬರ್ ೧೨ರಂದು ಆತ ಆಸ್ಪತ್ರೆಯಲ್ಲಿ ತೀರಿಕೊಂಡನು. ಮ್ಯಾಥ್ಯೂ ಎಪಿಸ್ಕೋಪಲ್ ಚರ್ಚಿಗೆ ಸೇರಿದವನು. ಪೂಜಾವಿಧಿಯಲ್ಲಿ ಗುರುವಿಗೆ ನೆರವಾಗುವ ಸೇವೆ ಮಾಡಿದ್ದವನು. ಕ್ಯಾಸ್ಪರ್ ನಗರದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಅವನ ಅಂತ್ಯಕ್ರಿಯೆ ನಡೆಯುತ್ತಿದ್ದಾಗ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚಿನವರು ಹೊರಗೆ ನಿಂತು ಅವನನ್ನು ನಿಂದಿಸುವ ಫಲಕಗಳನ್ನು ಹಿಡಿದಿದ್ದರು. ಒಂದೇ ಧರ್ಮದ ಎರಡು ಮುಖಗಳು ಒಂದೇ ಬಾಗಿಲಿನ ಒಳಗೂ ಹೊರಗೂ ಅಂದು ಕಾಣಿಸಿದವು. ಅದೇ ವರ್ಷದ ಜೂನ್ ತಿಂಗಳಲ್ಲಿ ಟೆಕ್ಸಾಸಿನ ಜಾಸ್ಪರ್‌ನಲ್ಲಿ ಜೇಮ್ಸ್ ಬರ್ಡ್ ಎಂಬ ಕರಿಯ ಜನಾಂಗದ ವ್ಯಕ್ತಿಯನ್ನು ಮೂವರು ಬಿಳಿಯರು ವಾಹನಕ್ಕೆ ಕಟ್ಟಿ ಎಳೆದು ಕೊಂದಿದ್ದರು.

ಕೊಲೆಗೆ ಹೇಗೂ ಶಿಕ್ಷೆ ಇದೆಯಲ್ಲ, ದ್ವೇಷಾಪರಾಧವೆಂಬ ಪ್ರತ್ಯೇಕ ವರ್ಗ ಏಕೆ ಬೇಕು? ಈ ಪ್ರಶ್ನೆ ಸಹಜವಾದುದು. ಇಂತಹ ಕೃತ್ಯದ ಗುರಿ ಒಬ್ಬ ವ್ಯಕ್ತಿ ಮಾತ್ರವಲ್ಲ. ಆತನಂತಿರುವ ಎಲ್ಲರಿಗೂ ಅದು ಕಳುಹಿಸುವ ಬೆದರಿಕೆಯ ಸಂದೇಶ. ಹಾನಿ ಒಂದು ಮನೆಗೆ ಸೀಮಿತವಾಗದೆ ಸಮುದಾಯಕ್ಕೆ ವ್ಯಾಪಿಸುತ್ತದೆ. ಅಮೆರಿಕದ ೧೯೬೮ರ ಕೇಂದ್ರ ಕಾನೂನು ಜನಾಂಗ, ವರ್ಣ, ಧರ್ಮ, ರಾಷ್ಟ್ರಮೂಲಗಳ ಕಾರಣದಿಂದ ನಡೆದ ಹಿಂಸೆಯನ್ನು ಮಾತ್ರ ಗಮನಿಸುತ್ತಿತ್ತು. ಅದೂ ಬಲಿಯಾದವನು ಮತದಾನ, ಶಾಲಾ ಹಾಜರಾತಿ ಮುಂತಾದ ನಿರ್ದಿಷ್ಟ ಕಾರ್ಯದಲ್ಲಿ ತೊಡಗಿದ್ದಾಗ. ೧೯೯೦ರ ಕಾನೂನು ಲೈಂಗಿಕ ಒಲವಿನ ಕಾರಣದಿಂದ ನಡೆದ ಅಪರಾಧಗಳ ಅಂಕಿ ಅಂಶಗಳನ್ನು ಸಂಗ್ರಹಿಸಲು ಹೇಳಿತೇ ಹೊರತು ಶಿಕ್ಷೆಯನ್ನು ವಿಧಿಸಲಿಲ್ಲ. ೨೦೦೯ರ ಅಕ್ಟೋಬರ್ ೨೮ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ, ಶೆಪರ್ಡ್ ಮತ್ತು ಬರ್ಡ್ ಇಬ್ಬರ ಹೆಸರನ್ನೂ ಹೊತ್ತ ಅಧಿನಿಯಮ ಲಿಂಗ, ಲೈಂಗಿಕ ಒಲವು, ಲಿಂಗತ್ವ, ಅಂಗವೈಕಲ್ಯ ಇವುಗಳನ್ನು ಸೇರಿಸಿ ಹಳೆಯ ನಿರ್ಬಂಧವನ್ನೂ ತೆಗೆದುಹಾಕಿತು. ಎಪಿಸ್ಕೋಪಲ್ ಚರ್ಚ್, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ಪ್ರೆಸ್ಬಿಟೀರಿಯನ್, ಲುಥರನ್ ಹಾಗೂ ಮೆಥಡಿಸ್ಟ್ ಸಂಸ್ಥೆಗಳು ಇದಕ್ಕೆ ಬೆಂಬಲವಾಗಿ ನಿಂತವು.

ವಿರೋಧಿಸಿದ ಕ್ರೈಸ್ತರ ಆತಂಕವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಸಲಿಂಗ ಸಂಬಂಧ ಪಾಪವೆಂದು ಬೋಧಿಸುವ ಗುರುಗಳು ಈ ಕಾನೂನಿನಿಂದ ಸೆರೆಮನೆ ಸೇರಬೇಕಾದೀತೆಂದು ಅವರು ಹೆದರಿದರು. ಆದರೆ ಅಧಿನಿಯಮ ದಂಡಿಸುವುದು ದೈಹಿಕ ಹಿಂಸೆಯನ್ನು. ಸಂವಿಧಾನ ರಕ್ಷಿಸುವ ಮಾತು ಮತ್ತು ಧಾರ್ಮಿಕ ಆಚರಣೆಗಳಿಗೆ ಅದು ಅನ್ವಯವಾಗದೆಂಬ ಸ್ಪಷ್ಟ ವಿಧಿ ಅದರಲ್ಲಿಯೇ ಇದೆ. ಮಿಚಿಗನ್ ರಾಜ್ಯದ ಕೆಲವು ಬೋಧಕರು ಹೂಡಿದ ದಾವೆಯನ್ನು ನ್ಯಾಯಾಲಯ ೨೦೧೦ರಲ್ಲಿ ವಜಾ ಮಾಡಿತು. ೨೦೧೨ರಲ್ಲಿ ಮೇಲ್ಮನವಿ ನ್ಯಾಯಾಲಯವೂ, ಬೋಧಿಸುವುದು ಈ ಕಾನೂನಿನಡಿ ಅಪರಾಧವೇ ಅಲ್ಲದಿರುವುದರಿಂದ ಅವರಿಗೆ ದಾವೆ ಹೂಡುವ ಆಧಾರವಿಲ್ಲವೆಂದು ಹೇಳಿತು. ಬೇರೊಂದು ದಿಕ್ಕಿನಿಂದ ಬಂದ ವಿಮರ್ಶೆಯೂ ಗಮನಾರ್ಹ. ಸಲಿಂಗಾಸಕ್ತರ ಹಕ್ಕುಗಳನ್ನು ಬೆಂಬಲಿಸುವ ಕ್ವೇಕರ್ ಸೇವಾ ಸಂಸ್ಥೆಯೇ ೨೦೦೧ರಲ್ಲಿ, ಸೆರೆವಾಸವನ್ನು ಹೆಚ್ಚಿಸುವುದರಿಂದ ದ್ವೇಷ ಕಡಿಮೆಯಾಗುವುದೇ ಎಂಬ ಸಂದೇಹವನ್ನು ಮುಂದಿಟ್ಟಿತು. ರಕ್ಷಣೆ ಮತ್ತು ದಂಡ ಇವೆರಡೂ ಒಂದೇ ಅಲ್ಲವೆಂಬ ಈ ಎಚ್ಚರಿಕೆ ಅಮಾನ್ಯವಾದುದಲ್ಲ. ಶೆಪರ್ಡ್ ದಂಪತಿಗಳು ೧೯೯೯ರಲ್ಲಿ ಮಗನ ಕೊಲೆಗಾರನಿಗೆ ಮರಣದಂಡನೆಯ ಬದಲು ಆಜೀವ ಕಾರಾಗೃಹವಾಸಕ್ಕೆ ಒಪ್ಪಿಕೊಂಡದ್ದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಮ್ಯಾಥ್ಯೂವಿನ ಚಿತಾಭಸ್ಮವನ್ನು ತಂದೆತಾಯಿಗಳು ಇಪ್ಪತ್ತು ವರ್ಷ ಎಲ್ಲಿಯೂ ಹೂಳಲಿಲ್ಲ. ಸಮಾಧಿಯನ್ನು ಯಾರಾದರೂ ಅಪವಿತ್ರಗೊಳಿಸಬಹುದೆಂಬ ಭಯ ಅವರಿಗಿತ್ತು. ೨೦೧೮ರ ಅಕ್ಟೋಬರ್ ೨೬ರಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕ್ಯಾಥೀಡ್ರಲ್‌ನಲ್ಲಿ ಅದನ್ನು ಪ್ರತಿಷ್ಠಾಪಿಸಲಾಯಿತು. ವಿಧಿಯನ್ನು ನಡೆಸಿಕೊಟ್ಟವರಲ್ಲಿ ಜೀನ್ ರಾಬಿನ್ಸನ್ ಒಬ್ಬರು. ೨೦೦೩ರಲ್ಲಿ ಬಿಷಪ್ ಆಗಿ ಅಭಿಷಿಕ್ತರಾದಾಗ ಸಲಿಂಗಾಸಕ್ತರೆಂಬ ಕಾರಣಕ್ಕೆ ಬಂದ ಬೆದರಿಕೆಗಳಿಂದಾಗಿ ಗುಂಡುನಿರೋಧಕ ಅಂಗಿಯ ಮೇಲೆ ಧಾರ್ಮಿಕ ಉಡುಪನ್ನು ಧರಿಸಬೇಕಾಗಿ ಬಂದಿದ್ದವರು ಅವರು.

೭. ಭಾರತದ ಸಂದರ್ಭ

೩೭೭ನೆಯ ಕಲಮಿನ ಭಾರತೀಯ ಇತಿಹಾಸ ದಿಲ್ಲಿಯ ಓದುಗರಿಗೆ ಪರಿಚಿತವಾದುದು. ದಿಲ್ಲಿ ಉಚ್ಚ ನ್ಯಾಯಾಲಯ ೨೦೦೯ರ ಜುಲೈ ೨ರಂದು ವಯಸ್ಕರ ಸಮ್ಮತ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ಸರ್ವೋಚ್ಚ ನ್ಯಾಯಾಲಯ ೨೦೧೩ರ ಡಿಸೆಂಬರ್ ೧೧ರಂದು ಆ ತೀರ್ಪನ್ನು ರದ್ದುಪಡಿಸಿತು. ೨೦೧೮ರ ಸೆಪ್ಟೆಂಬರ್ ೬ರಂದು ಸಂವಿಧಾನ ಪೀಠ ತನ್ನ ಹಿಂದಿನ ನಿಲುವನ್ನು ತಿದ್ದಿಕೊಂಡಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಈ ಹೋರಾಟದಲ್ಲಿ ಕ್ರೈಸ್ತರು ಎರಡೂ ಕಡೆ ಇದ್ದರು. ದಿಲ್ಲಿ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಿದವರಲ್ಲಿ ಅಪೋಸ್ಟಲಿಕ್ ಚರ್ಚಸ್ ಅಲಯನ್ಸ್ ಮತ್ತು ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಸೇರಿದ್ದವು. ಮತ್ತೊಂದು ಕಡೆ, ೨೦೧೩ರ ತೀರ್ಪು ಬಂದಾಗ ಮುಂಬಯಿಯ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಅವರು, ಸಲಿಂಗ ವಿವಾಹವನ್ನು ಒಪ್ಪದಿದ್ದರೂ ಸಲಿಂಗಾಸಕ್ತರನ್ನು ಕ್ಯಾಥೊಲಿಕ್ ಧರ್ಮಸಭೆ ಅಪರಾಧಿಗಳೆಂದು ಭಾವಿಸಿಲ್ಲವೆಂದು ಸ್ಪಷ್ಟಪಡಿಸಿದರು. ೨೦೨೩ರ ಜನವರಿಯಲ್ಲಿ ದಿವಂಗತ ಪೋಪ್ ಫ್ರಾನ್ಸಿಸ್ ಅವರೂ ಪಾಪ ಮತ್ತು ಅಪರಾಧಗಳ ವಿಂಗಡಣೆಯನ್ನು ಮುಂದಿಟ್ಟು, ಇಂತಹ ಕಾನೂನುಗಳು ಅನ್ಯಾಯದವೆಂದು ಹೇಳಿದರು. ವುಲ್ಫೆಂಡನ್ ಸಮಿತಿಗೆ ಕ್ಯಾಥೊಲ಼ಿಕ್ ವಿದ್ವಾಂಸರು ಕೊಟ್ಟಿದ್ದ ಅಭಿಪ್ರಾಯ ಹೀಗೆ ಅರುವತ್ತಕ್ಕೂ ಹೆಚ್ಚು ವರ್ಷಗಳ ನಂತರ ರೋಮಿನ ಪೀಠದಿಂದ ಕೇಳಿಬಂದಿತು.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸಲಿಂಗಾಸಕ್ತರ ಹಕ್ಕುಗಳಿಗೆ ಸಿಕ್ಕ ಕ್ರೈಸ್ತ ಬೆಂಬಲ ಏಕಶಿಲೆಯಂತಹುದಲ್ಲ. ಪಠ್ಯದ ಮರುಓದಿನಿಂದ ಬಂದವರು, ಕಣ್ಣಾರೆ ಕಂಡ ಅನ್ಯಾಯದಿಂದ ಬಂದವರು, ಪಾಪ ಮತ್ತು ಅಪರಾಧಗಳ ವಿಂಗಡಣೆಯಿಂದ ಬಂದವರು, ಹೀಗೆ ಮೂರು ಬಗೆಯವರು ಅದರಲ್ಲಿ ಸೇರಿದ್ದಾರೆ. ಎರಡು, ಈ ಮೂರರಲ್ಲಿ ಶಾಸನ ರಚನೆಯ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಮೂರನೆಯದು. ಏಕೆಂದರೆ ತನ್ನ ನಂಬಿಕೆಯನ್ನು ಬಿಡಲೊಲ್ಲದ ಶ್ರದ್ಧಾಳುವಿಗೂ ಅದು ನ್ಯಾಯದ ಪಕ್ಷದಲ್ಲಿ ನಿಲ್ಲಲು ಜಾಗ ಕೊಡುತ್ತದೆ. ಮೂರು, ಈ ವಿಂಗಡಣೆಗೆ ಒಂದು ಮಿತಿಯೂ ಇದೆ. ಅಪರಾಧಿಯಲ್ಲವೆಂದು ಹೇಳಿಸಿಕೊಂಡವನು ಪಾಪಿಯೆಂದು ಕರೆಸಿಕೊಳ್ಳುತ್ತಲೇ ಬದುಕಬೇಕಾಗುತ್ತದೆ. ಲ್ಯಾಂಬೆತ್ ನಿರ್ಣಯದ ಮೊದಲ ಭಾಗವನ್ನು ಕೇಳಿಸಿಕೊಂಡವರು ಎರಡನೆಯ ಭಾಗವನ್ನು ಕೇಳಿಸಿಕೊಳ್ಳುತ್ತಾರೆಂಬ ಭರವಸೆ ಯಾರಿಗೂ ಇಲ್ಲ. ಅದಕ್ಕಾಗಿಯೇ ಎಪಿಸ್ಕೋಪಲ್ ಮತ್ತು ಯುನೈಟೆಡ್ ಚರ್ಚುಗಳು ಸಹನೆಯಿಂದ ಸಮಾನತೆಯ ಕಡೆಗೆ ಹೆಜ್ಜೆ ಹಾಕಿದವು.

ನಮ್ಮ ದೇಶದಲ್ಲಿ ೩೭೭ನೆಯ ಕಲಮು ಹೋಯಿತು. ಆದರೆ ಲೈಂಗಿಕ ಒಲವಿನ ಕಾರಣದಿಂದ ನಡೆಯುವ ಹಿಂಸೆಯನ್ನು ಪ್ರತ್ಯೇಕವಾಗಿ ಗುರುತಿಸುವ ಕೇಂದ್ರ ಕಾನೂನು ಬಂದಿಲ್ಲ. ೨೦೧೯ರ ಅಧಿನಿಯಮ ಲಿಂಗಪರಿವರ್ತಿತರ ಮೇಲಿನ ದೌರ್ಜನ್ಯಕ್ಕೆ ಗೊತ್ತುಮಾಡಿದ ಶಿಕ್ಷೆ ಗರಿಷ್ಠ ಎರಡು ವರ್ಷ ಮಾತ್ರ. ಈ ಚರ್ಚೆ ಮುಂದೆ ನಡೆಯುವಾಗ ಧಾರ್ಮಿಕ ಸಂಸ್ಥೆಗಳ ಮಾತಿಗೆ ಇಲ್ಲಿಯೂ ತೂಕವಿರುತ್ತದೆ. ಆಗ ಮಠ, ಮಂದಿರ, ಮಸೀದಿ, ಇಗರ್ಜಿಗಳ ಹಿರಿಯರು ಉತ್ತರಿಸಬೇಕಾದ ಪ್ರಶ್ನೆ ಶಾಸ್ತ್ರ ಏನು ಹೇಳುತ್ತದೆಂಬುದು ಮಾತ್ರವಲ್ಲ. ಬೇಲಿಗೆ ಕಟ್ಟಿ ಹೊಡೆದವರ ಕಡೆ ನಿಲ್ಲಬೇಕೋ ಹೊಡೆಸಿಕೊಂಡವನ ಕಡೆ ನಿಲ್ಲಬೇಕೋ ಎಂಬುದೂ ಹೌದು. ಅಂದು ಕ್ಯಾಸ್ಪರಿನ ಚರ್ಚಿನ ಒಳಗಿದ್ದವರಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ.